ಬೆನ್ನೆಲುಬು

ಮೊನ್ನೆ ಆರ್ಕನ್ಸಾದ ನಮ್ಮೂರಿಗೆ ಅಭ್ಯರ್ಥಿಯೊಬ್ಬ ಬಂದಿದ್ದ.
ತಲೆಗೆ ಬಲೆಟೋಪಿ, ಬೂಟಿಗೆ ನೀಲಿ ಚೀಲ,
ಎರಡೇ ಬೆರಳಲ್ಲಿ ಒಂದು ಕೋಳಿಯನ್ನು
ಒದ್ದೆಯಾದ ಪರರ ಮಗುವಿನಂತೆ ಎತ್ತಿ ಹಿಡಿದು
ಫೋಟೋಗೆ ನಕ್ಕ.
ಆಮೇಲೆ ನಮ್ಮ ಕಡೆ ತಿರುಗಿ
"ಈ ದೇಶದ ಬೆನ್ನೆಲುಬು ನೀವು" ಅಂದ.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.
ಮೂಳೆ ಬಿಡಿಸುವ ಸಾಲಿನವರು ನಾವು,
ಬೆನ್ನೆಲುಬು ಏನಾಗುತ್ತದೆಂದು ಬಲ್ಲೆವು.
ಎದೆ ಒಂದು ಕಡೆ, ತೊಡೆ ಒಂದು ಕಡೆ,
ರೆಕ್ಕೆ ಶನಿವಾರದ ಆಟ ನೋಡುವವರ ತಟ್ಟೆಗೆ,
ಪಾದ ಹಡಗು ಹತ್ತಿ ಚೀನಾಕ್ಕೆ.
ಉಳಿದದ್ದು ಬೂದು ತೊಟ್ಟಿಗೆ.
ಸಂಜೆ ಆರಕ್ಕೆ ಲಾರಿ ಬರುತ್ತದೆ,
ನಾಯಿ ತಿನಿಸಿನ ಕಾರ್ಖಾನೆಯದು.

ನಿಮಿಷಕ್ಕೆ ಮೂವತ್ತೆರಡಿತ್ತು, ನಲವತ್ತೊಂದಾಯಿತು.
ಮೇಲೆ ಯಾರೋ ಕಾಗದಕ್ಕೆ ರುಜು ಹಾಕಿದರಂತೆ:
ಕೈಗಳಿಗೇನೂ ತೊಂದರೆಯಿಲ್ಲ.
ಆ ರುಜು ಹಾಕಿದ ಕೈಗೆ ಖಂಡಿತ ಇರಲಿಕ್ಕಿಲ್ಲ.

"ಹೊರಗಿನವರು ಬಂದು ನಮ್ಮ ಕೆಲಸ ಕಸಿದರು"
ಅನ್ನುತ್ತಾನೆ ನನ್ನ ತಮ್ಮ ಹೋಯ್ಟ್.
ಕಸಿಯಲಿ ಮಾರಾಯ,
ಮೂವತ್ತೊಂದು ವರ್ಷದಿಂದ ಕಾಯುತ್ತಿದ್ದೇನೆ.
ಮಣಿಕಟ್ಟಿನ ನೋವನ್ನೂ ಜೊತೆಗೆ ಹಾಕಿಕೊಡುತ್ತೇನೆ,
ಕೊಸರು.

ನನ್ನ ಎಡಕ್ಕೆ ನಿಲ್ಲುವವಳು ನೇಮೊನ್, ಮಾರ್ಷಲ್ ದ್ವೀಪದವಳು.
ಅವಳ ಅಜ್ಜಿ ಹುಡುಗಿಯಾಗಿದ್ದಾಗ
ನಾವು ಅವರ ಕಡಲಲ್ಲಿ ಬಾಂಬು ಸಿಡಿಸಿ ನೋಡಿದ್ದೆವು.
ಮುಗಿಲಿಂದ ಬಿದ್ದ ಬೂದಿಯಲ್ಲಿ ಮಕ್ಕಳು ಆಡಿದರಂತೆ.
ಪಕ್ಕದ ದ್ವೀಪದ ಹೆಸರನ್ನು ಈಜುಡುಗೆಗೆ ಇಟ್ಟುಕೊಂಡೆವು.
ಅಜ್ಜಿಗೆ ಗಂಟಲಲ್ಲಿ ಗಂಟು,
ಮೊಮ್ಮಗಳಿಗೆ ಚಾಕು.

ಅವತ್ತು ನೇಮೊನ್ ಎರಡು ಸಲ ಕೈಯೆತ್ತಿದಳು.
ಶೌಚಕ್ಕೆ ಹೋಗಲು ಇಲ್ಲಿ ಕೈಯೆತ್ತಿ ಕೇಳಬೇಕು,
ಒಂದನೇ ಕ್ಲಾಸಿನ ಮಕ್ಕಳ ಹಾಗೆ.
ಮೇಲ್ವಿಚಾರಕ, ನನ್ನ ಮೊಮ್ಮಗನ ಓರಗೆಯ ಹುಡುಗ,
"ಗಣ್ಯರು ಹೊರಡಲಿ, ತಡೆದುಕೋ" ಅಂದ.
ಗಣ್ಯರು ಹೊರಡಲಿಲ್ಲ.
ಇನ್ನೊಂದು ಫೋಟೋ. ಬೆಳಕು ಸಾಲದು, ಇನ್ನೊಂದು.

ಅವಳು ಕೆಂಪು ಹಗ್ಗ ಎಳೆದಳು.

ಬೆರಳು ಸಿಕ್ಕಿಕೊಂಡರೆ ಮಾತ್ರ ಎಳೆಯಬೇಕಾದ ಹಗ್ಗ.
ಸಾಲು ನಿಂತಿತು.
ಆ ಕೋಣೆಯಲ್ಲಿ ನೀರು ತೊಟ್ಟಿಕ್ಕುತ್ತದೆಂದು
ನನಗೆ ಅವತ್ತೇ ಗೊತ್ತಾದದ್ದು.
ಯಾರದೋ ಹೊಟ್ಟೆ ಗುರುಗುಟ್ಟಿತು.
ಅವಳು ಚಾಕು ಒರೆಸಿಟ್ಟು,
ಅಭ್ಯರ್ಥಿಯ ಮಗ್ಗುಲಿನಿಂದಲೇ ಹಾದು
ಅವಸರವಿಲ್ಲದೆ ಹೋದಳು.
ಆರು ನಿಮಿಷ.
ನೂರಿಪ್ಪತ್ತು ಜನ ಕಾದೆವು.
ಕ್ಯಾಮೆರಾದವನೂ ಕಾದ.
ಕೋಳಿಗಳೂ ಕಾದವು, ಅವಕ್ಕೇನು ಗಡಿಬಿಡಿ.

ಸೋಮವಾರ ಗೇಟಿನಲ್ಲಿ ಅವಳ ಕಾರ್ಡಿಗೆ ಹಸಿರು ದೀಪ ಹತ್ತಲಿಲ್ಲ.
ಹಗ್ಗಕ್ಕೊಂದು ತಗಡಿನ ಡಬ್ಬಿ, ಡಬ್ಬಿಗೆ ಬೀಗ,
ಬೀಗದ ಕೈ ಆ ಹುಡುಗನ ಸೊಂಟದಲ್ಲಿ.

ಬುಧವಾರ ಚರ್ಚಿನ ಹಿಂದಿನ ಕೋಣೆಯಲ್ಲಿ ಸಭೆ.
ಮೆಂಫಿಸಿನಿಂದ ಬಂದ ಸಂಘದ ಹುಡುಗ, ಒಳ್ಳೆಯವನೇ,
"ಎಲ್ಲರೂ ಮುಷ್ಟಿ ಬಿಗಿದು ಮೇಲೆತ್ತಿ" ಅಂದ.
ನಾವು ನಕ್ಕುಬಿಟ್ಟೆವು.
ಇಡಾಲಿಯಾಗೆ ನಕ್ಕು ನಕ್ಕು ಬಿಕ್ಕಳಿಕೆ ಬಂತು.
ಮಗನೇ, ಬೆಳಿಗ್ಗೆ ಕಾಲು ಗಂಟೆ ಬಿಸಿನೀರಲ್ಲಿ ಅದ್ದದೆ
ನಮ್ಮ ಬೆರಳು ಮಡಚುವುದಿಲ್ಲ.
ಬ್ರೆಡ್ಡಿನ ಪೊಟ್ಟಣ ಹಲ್ಲಲ್ಲಿ ಬಿಚ್ಚುವವರು ನಾವು.

ಆದರೂ ಎತ್ತಿದೆವು,
ಚಾಕುವಿನ ಹಿಡಿ ಇನ್ನೂ ಒಳಗಿರುವಂತೆ
ಅರ್ಧಕ್ಕೆ ಬಾಗಿ ನಿಂತ ಕೈಗಳನ್ನು.

ಬಾಗಿಲ ಬಳಿ ಕುಳಿತಿದ್ದ ನೇಮೊನ್ ಮಾತ್ರ ಎತ್ತಲಿಲ್ಲ.
"ಕೈಯೆತ್ತಿ ಕೇಳುವುದು ನನ್ನದು ಮುಗಿಯಿತು,
ಪೆನ್ನು ಕೊಡಿ ಇಲ್ಲಿ" ಅಂದಳು.

ಪೆನ್ನು ಕೈಯಿಂದ ಕೈಗೆ ಬಂತು.
ಕಾಗೆ ಕಾಲು ಗುಬ್ಬಿ ಕಾಲು ಅನ್ನುತ್ತಾರಲ್ಲ,
ನನ್ನ ಸಹಿ ಕೋಳಿ ಕಾಲು.
ವರ್ಲೀನ್ ಎಂದು ಓದಿಕೊಳ್ಳಬೇಕು, ಅಷ್ಟೆ.

ಹೋಯ್ಟ್‌ಗೆ ಇನ್ನೂ ಹೇಳಿಲ್ಲ.