ಮಗ್ಗ ನಿಂತಾಗ

ರಬಕವಿಯಾಗ ಕೂಸುಗಳು ಸಪ್ಪಳಕ್ಕ ಏಳೂದಿಲ್ಲ,
ಸಪ್ಪಳ ನಿಂತರ ಏಳ್ತಾವ.

ಗ್ವಾಡಿ ಆಚಿಕ ಎಂಟು ಮಗ್ಗ
ಖಟ್ ಖಟಾ ಖಟ್ ಖಟಾ ಬಡಕೋತ ಇರೂತನಕ
ತೊಟ್ಲಾಗ ಮುರಿಗ್ಯಾ ಬಾಯಿ ತಕ್ಕೊಂಡು ಮಲಗಿರ್ತಾನ,
ಬಾಜೂಕ ಬನಶ್ರೀ, ಮೂರು ತುಂಬಿದಾಕಿ,
ಒಂದು ಕಾಲು ನನ್ನ ಆಡಿಟ್ ಪುಸ್ತಕದ ಮ್ಯಾಲಿಟ್ಟು.
ಕರೆಂಟ್ ಹೋತೋ,
ಎಂಟೂ ಮಗ್ಗ ಒಮ್ಮೆಲೆ ಉಸಿರು ಹಿಡೀತಾವ.
ಒಂದು, ಎರಡು, ಮೂರು ಎಣಸೂದ್ರಾಗ
ಮುರಿಗ್ಯಾ ಪಟ್ಟನ ಕಣ್ಣು ತೆರೀತಾನ.
ಆಮ್ಯಾಲೆ ಓಣಿ ಆ ತುದಿಯಿಂದ ಈ ತುದೀತನಕ
ಒಂದೊಂದು ಮನ್ಯಾಗ ಒಂದೊಂದು ಅಳು.

ಸಿ.ಎ. ಫೈನಲ್, ಮೊದಲನೇ ಗ್ರೂಪ್, ಮೂರನೇ ಸಲ.
ಮೊದಲ ಸಲ ಬನಶ್ರೀ ಹೊಟ್ಟ್ಯಾಗಿದ್ಲು,
ಹತ್ತು ಮಾರ್ಕಿನಿಂದ ಹೋತು.
ಎರಡನೇ ಸಲ ಮುರಿಗ್ಯಾ. ನಾಕು ಮಾರ್ಕು.
"ಕೂಸಿಗೊಮ್ಮೆ ಆರಾರು ಮಾರ್ಕು ಏರಾಕತ್ತಾವಲ್ಲ,"
ಅಂದ ಶ್ರೀಶೈಲ, ನಗಸಾಕ.
ನಾ ನಗಲಿಲ್ಲ.
ಹಿತ್ತಲದಾಗ ಭಾಂಡೆ ತಿಕ್ಕೂಮುಂದ
ಒಬ್ಬಾಕೀನಽ ನಕ್ಕೆ.

ಅತ್ತಿ ಅಂತಾರ, "ಮಕ್ಕಳಽ ಆಸ್ತಿ,
ಇನ್ನೇನು ಬೇಕು ನಿನಗ?"
ಪುಸ್ತಕ ಅಂತೈತಿ, ಆಸ್ತಿ ಅನ್ನಬೇಕಾದರ
ಅದು ನಮ್ಮ ಹತೋಟ್ಯಾಗ ಇರಬೇಕು.
ಒಂದು ಜ್ವಾಳದ ಹಿಟ್ಟಿನ ಬುಟ್ಟ್ಯಾಗ ಕುಂತೈತಿ, ಚಡ್ಡಿ ಇಲ್ಲದ.
ಇನ್ನೊಂದು ನನ್ನ ಕ್ಯಾಲ್ಕುಲೇಟರ್ ನೀರಿನ ಹಂಡೇದಾಗ ಬಿಟ್ಟು
"ಅವ್ವಾ, ಮೀನಾ ಈಜಾಕತ್ತೈತಿ" ಅಂತೈತಿ.
ಇವನ್ನ ಯಾವ ಬದೀಗೆ ಬರೀಲಿ ಅತ್ತಿ,
ಎಡಕ್ಕೋ ಬಲಕ್ಕೋ?

ನಸುಕಿನ ನಾಕಕ್ಕ ಏಳತೀನಿ. ಐದಕ್ಕ ನಳಾ ಬರತೈತಿ.
ನಡುವಿನ ಆ ಒಂದು ತಾಸು
ಯಾರ ಹೆಸರೀಗೂ ಇಲ್ಲ.
ಖೋಲ್ಯಾಗ ದೀಪಾ ಹಚ್ಚಿದರ ಇವು ಹೊಳ್ಳಾಡತಾವಂತ
ಶೆಡ್ಡಿನ ಕಟ್ಟೀಮ್ಯಾಲೆ, ಟ್ಯೂಬಿನ ಬೆಳಕಿನಾಗ,
ಹತ್ತಿ ಧೂಳು ಕೂದಲಕ್ಕ ಹತ್ತಿಸಿಕೊಂಡು ಕುಂದರತೀನಿ.
ರಾತ್ರಿ ಪಾಳೀ ದಸ್ತಗೀರ ಕಾಕಾ
ಕಿಡಕ್ಯಾಗ ಹಣಿಕಿ ಹಾಕತಾನ, ದಿನಾ ಅದಽ ಮಾತು:
"ಎಷ್ಟನೇ ಪುಟ ಬೇ, ಯವ್ವಾ?"
ಇನ್ನೂರಾ ಹತ್ತು.
"ನಿನ್ನೇನೂ ಇನ್ನೂರಾ ಹತ್ತಽ ಇತ್ತಲ್ಲ?"
ಮುರಿಗ್ಯಾಗ ಜ್ವರಾ, ಕಾಕಾ. ರಾತ್ರಿಯೆಲ್ಲಾ ಎಳಿ ಕಡೀತು.
ಆತ ಮಗ್ಗದ ಕಡೆ ಹೊಳ್ಳಿ ನೋಡಿ,
ಕಿವ್ಯಾಗಿನ ಬೀಡಿ ತಗದು, ಮತ್ತ ಅಲ್ಲೇ ಇಟ್ಟು, ಅಂದ:
"ಕಡದ ಎಳಿ ಹುಡುಕಿ ಗಂಟು ಹಾಕೂದೂ ಕೆಲಸನಽ ಯವ್ವಾ.
ಅದಕ್ಕ ಕೂಲಿ ಕೊಡೂದಿಲ್ಲ, ಅಷ್ಟಽ."

ಕಂಪನಿ ಕಾಯ್ದೇದ ಕಲಮುಗಳನ್ನ
ತೊಟ್ಲಾ ತೂಗಕೋತ ರಾಗಾ ಹಾಕಿ ಅಂತೀನಿ.
ಒಳಗಿಂದ ಅತ್ತಿ ಕೈಮುಗಿದು ಕೇಳಿದರು,
"ಯಾವ ದೇವರದು ಅದು?"
ಸಾಲಗಾರರ ದೇವರದು ಅಂದೆ.
"ಹಂಗಾರ ಜೋರಾಗಿ ಅನ್ನು," ಅಂದರು.

ಬೆಳಗಾವಿ. ಎರಡನೇ ಮಹಡಿ.
ಮಧ್ಯಾಹ್ನ ಎರಡಕ್ಕ ಬಾಗಲಾ ಹಾಕಿದರು.
ಅಷ್ಟು ಮಂದಿ ಇದ್ದೂ ಅಷ್ಟು ಸುಮ್ಮಗ ಇರಬಹುದಂತ
ನನಗ ಗೊತ್ತಿದ್ದಿಲ್ಲ.
ಪ್ರಶ್ನಿ ಓದಿದೆ. ಮತ್ತ ಓದಿದೆ.
ಸಪ್ಪಳ ನಿಂತರ ನನ್ನ ಮೈಗೆ ಒಂದಽ ಅರ್ಥ ತಿಳೀತೈತಿ:
ಕೂಸು ಎದ್ದೈತಿ.
ಮೂರು ಎಣಸೂದ್ರಾಗ ಎದಿ ತುಂಬಿ ಬಂತು,
ಕುಪ್ಪಸ ತೋಯ್ದು, ಸೆರಗು ತೋಯ್ದು,
ಹಾಳಿಮ್ಯಾಲೆ ಒಂದು ಹನಿ.
ತಿದ್ದಾವರು ಬೆವರು ಅಂತ ತಿಳಕೊಂಡಾರು.

ನೂರಾಹತ್ತು ಕಿಲೋಮೀಟರ್ ಆಚಿಕ
ಬಾಟಲಿ ಒಲ್ಲೆಂದು ಒದ್ಯಾಡಾಕತ್ತಿರಬೇಕು ಅಂವ.
ಇಲ್ಲಾ, ಮಗ್ಗ ನಡದಿರಬೇಕು,
ಬಾಯಿ ತಕ್ಕೊಂಡು ಮಲಗಿರಬೇಕು.

ಬಾಕಿನ ಕೆಳಗ ಚಪ್ಪಲಿ ಬಿಟ್ಟು
ಹೆಬ್ಬೆರಳಿನಿಂದ ಫರಸೀಮ್ಯಾಲೆ, ಯಾರಿಗೂ ಕೇಳದಂಗ,
ಖಟ್ ಖಟಾ. ಖಟ್ ಖಟಾ.
ಆವಾಗ ಕೈ ನಡೀತು.

ಐದಕ್ಕ ಗಂಟಿ ಹೊಡೀತು.
ಕೊನೇ ಉತ್ತರ ಅರ್ಧಕ್ಕ ನಿಂತಿತ್ತು.
ಎಲ್ಲಿ ಕಡದೈತಿ ಅಂತ
ನೋಡಿ ಇಟ್ಟುಕೊಂಡೆ.