ಕೊನೆಯ ಆರು ನಿಮಿಷ

ನಾಲ್ಕನೇ ಮಹಡಿ, ಮೂರನೇ ಪರದೆ.
ಬಾಗಿಲ ಪಕ್ಕ ಪೊರಕೆ ಹಿಡಿದು ನಾನು,
ಕಪ್ಪು ಚೀಲ ಬಿಡಿಸಿಕೊಂಡು ಸೆಲ್ವಿ.
ಬೇರೆ ಸಿನಿಮಾ ಆದ್ರೆ ಹೀರೋ ಗೆದ್ದ ಕೂಡಲೇ ಜನ ಏಳ್ತಾರೆ,
ಹೆಸರು ಬರೋದ್ರೊಳಗೆ ಲಿಫ್ಟಿನ ಮುಂದೆ ಇರ್ತಾರೆ.
ಈ ವಾರದ ಜನ ಏಳಲ್ಲ.

ಜಪಾನಿನ ಹಳೇ ಚಿತ್ರಗಳಂತೆ. ಏಳು.
ಎಲ್ಲಾ ಕೈಯಲ್ಲೇ ಬರೆದದ್ದು.
ಪುಣೆ ಮುಗಿಸಿ ಬಂದಿವೆ, ಶುಕ್ರವಾರ ಕೊಚ್ಚಿಗೆ.
'ಕಾರ್ಟೂನು ಅನ್ನಬೇಡಿ ಅಕ್ಕಾ, ಆ ಹುಡುಗರು ಬಯ್ತಾರೆ'
ಅಂದ ಆಪರೇಟರ್ ಇಮ್ತಿಯಾಜ್,
ಟಿಫನ್ ಡಬ್ಬಿಗಿಂತ ಚಿಕ್ಕದೊಂದು ಪೆಟ್ಟಿಗೆ ತೋರಿಸಿದ:
'ಏಳೂ ಇದರೊಳಗೇ ಮಲಗಿವೆ.'

ಹೆಸರುಗಳು ಮೇಲಕ್ಕೆ ಹೋಗ್ತಾ ಇರ್ತವೆ
ಇರುವೆ ಸಾಲು ಗೋಡೆ ಹತ್ತಿದ ಹಾಗೆ.
ಓದೋಕೆ ನಂಗೆ ಬರಲ್ಲ.
ತಿರುಗಿ ನೋಡಿದ್ರೆ ಕೂತಿರೋ ಅಷ್ಟು ಜನಕ್ಕೂ ಬರಲ್ಲ!
ಬಸ್ಸಿನ ಬೋರ್ಡಿಗೆ, ಬ್ಯಾಂಕಿನ ಚೀಟಿಗೆ
ಪಕ್ಕದವರ ಮುಖ ನೋಡಿ ನಿಂತವಳು ನಾನು.
ಇಲ್ಲಿ ಬಣ್ಣದ ಕೂದಲಿನ ಹುಡುಗಿ,
ಫ್ಲಾಸ್ಕು ತಂದ ರಿಟೈರಾದ ಮೇಷ್ಟ್ರು,
ಎಲ್ಲರೂ ನನ್ನ ಹಾಗೇ
ಗೊತ್ತಿಲ್ಲದ ಅಕ್ಷರಕ್ಕೆ ಕೈಕಟ್ಟಿ ಕೂತವ್ರೆ.

ಹೀಗೆ ನನ್ನ ಹತ್ರ ಏಳು ಕೊನೆಗಳಿವೆ.
ಮೊದಲು ನಾನೇ ಮಾಡ್ಕೋಬೇಕು,
ಕಾಮಾಕ್ಷಿಪಾಳ್ಯದ ಕೊನೇ ಬಸ್ಸಲ್ಲಿ, ನಿಂತುಕೊಂಡೇ.
ಹಿಮದಲ್ಲಿ ಒಬ್ಬ ಮುದುಕ
ಮೈಲಿಗಲ್ಲಿಗೆ ತನ್ನ ಟೋಪಿ ಹಾಕಿ ಹೋಗಿಬಿಡ್ತಾನೆ;
ಪೋಸ್ಟ್‌ಮ್ಯಾನ್ ಅಂತ ಇಟ್ಕೊಂಡೆ.
ಒಂದು ದೋಣಿ ತುಂಬಾ ಗಡಿಯಾರ;
ಅದಕ್ಕೆ ಮೊದಲೇ ಸಿಗಲಿಲ್ಲ, ಬಿಟ್ಟೆ.

ಇನ್ನೊಂದರಲ್ಲಿ ಒಬ್ಬ ಹುಡುಗಿ, ಹತ್ತು ವರ್ಷದವಳು,
ಎರಡು ಬಟ್ಟಲು ತೊಳೀತಾಳೆ.
ಒಂದನ್ನ ಬೋರಲು ಹಾಕ್ತಾಳೆ.
ಇನ್ನೊಂದನ್ನ ಒರೆಸಿ, ಮತ್ತೆ ಒರೆಸಿ,
ಅಂಗಾತ ಇಡ್ತಾಳೆ. ಬಟ್ಟೆ ಹಿಂಡ್ತಾಳೆ.
ಆ ಹಿಂಡೋದಿದೆಯಲ್ಲ,
ಮುಂಗೈ ತಿರುಗಿ, ಗೆಣ್ಣು ಬೆಳ್ಳಗಾಗಿ,
ಕಡೇ ಹನಿ ಬೀಳೋಕೆ ಯೋಚನೆ ಮಾಡಿ ಬೀಳೋದು,
ಇಪ್ಪತ್ತೆರಡು ವರ್ಷದಿಂದ ಹಿಂಡ್ತಿರೋ ಕೈ ಇದು,
ಇದಕ್ಕೆ ಗೊತ್ತು:
ಬರೆದವರು ಯಾರೋ, ಒಂದು ಸಲ ನೆಲ ಒರೆಸಿದವರು.

ಯಾರೋ ನೆಂಟರು ಊಟ ಮಾಡಿ ಹೋಗಿರ್ಬೇಕು ಅಂದ್ಕೊಂಡಿದ್ದೆ.
ಮೂರು ದಿನ ಹಾಗೇ ಅಂದ್ಕೊಂಡಿದ್ದೆ.

ಬುಧವಾರ ಎಚ್ ಸಾಲಲ್ಲಿ ಒಬ್ಬ ಹುಡುಗ
ಪಾಪ್‌ಕಾರ್ನಿನ ಮೇಲೇ ನಿದ್ದೆ.
'ಸ್ಕಂದಾ, ಏಳೋ' ಅಂತ ಅವರಮ್ಮ
ಫೋನಲ್ಲಿ ಆಟೋ ಹುಡುಕ್ತಾ ಹೊರಗೆ ನಡೆದಳು.
ಅವನು ಕಣ್ಣುಜ್ಜಿ, ನನ್ನನ್ನೇ ಕೇಳಿದ:
'ಆಂಟಿ, ಕೊನೆಗೇನಾಯ್ತು?'
ನನ್ನನ್ನ ಯಾರೂ ಯಾವತ್ತೂ ಸಿನಿಮಾ ಕೇಳಿರಲಿಲ್ಲ.
ಪೊರಕೆ ಒರಗಿಸಿ ಹೇಳಿದೆ:
'ಪಾತ್ರೆ ತೊಳೆದಳು ಕಣಪ್ಪ. ಎರಡು ಬಟ್ಟಲು.'
'ಎರಡಾ?' ಅಂದ. ಬೆರಳು ನೋಡ್ಕೊಂಡ.
'ಅವಳ ತಮ್ಮ ಮೊದಲಲ್ಲೇ ಹೋಗ್ಬಿಟ್ಟನಲ್ಲಾ.'

ಅಷ್ಟೇ. ಅವನ ಆಟೋ ಬಂತು.
ನಡುವಿನದು ಅವನಿಗೂ ಗೊತ್ತಿಲ್ಲ, ನಂಗೂ ಇಲ್ಲ.
ಕೋಕಿನ ಲೋಟ ಹೆಕ್ಕಿದೆ, ಒಂದು ಕಿವಿಯೋಲೆ ಸಿಕ್ಕಿತು,
ಕೌಂಟರಿಗೆ ಕೊಟ್ಟೆ, ಬರೆಸ್ಕೊಂಡರು.
ಸೂಪರ್‌ವೈಜರ್ ಗಡಿಯಾರ ತೋರಿಸಿದ.

ಗುರುವಾರ, ಕೊನೇ ಆಟ.
ಅದೇ ಹುಡುಗಿ, ಅದೇ ನೀರು.
ಅಂಗಾತ ಇಟ್ಟ ಬಟ್ಟಲು ನೋಡೋಕಾಗದೆ
ನಾನು ಬಟ್ಟೆ ಹಿಂಡೋ ಕೈಯನ್ನೇ ನೋಡ್ದೆ.
ಆಮೇಲೆ ಕತ್ತಲು, ಹಾಡು, ಹೆಸರು.
ಸೆಲ್ವಿ ಬಾಗಿಲು ತಳ್ಳೋಕೆ ಹೋದಳು.
ತಡಿಯೇ, ಅಂದೆ, ಇನ್ನೂ ಮುಗಿದಿಲ್ಲ.
ಇದರಲ್ಲಿ ಯಾವುದೋ ಒಂದು ಸಾಲು
ಆ ಹಿಂಡಿದವರ ಹೆಸರು.