ಕೇಳೋದಕ್ಕ ಅರ್ಧ ಆಂಪಿಯರ್

ಮೊದಲು ಮೈನಸ್ ಬಿಚ್ಚು, ಮೈಲಾರಿ.
ಪ್ಲಸ್ಸಿಗೆ ಕೈ ಹಚ್ಚಬ್ಯಾಡ ಇನ್ನಾ.
ಉಂಗುರಾನೂ ತಗದಿಡು. ಪಾನಾ ಜಾರಿ ಎರಡೂ ಕಡೆ ತಾಗಿತಂದ್ರ
ಬೆಳ್ಳಿ ಕಾದು ಬೆರಳಿಗೇ ಬೆಸಿಗಿ ಹತ್ತತೈತಿ.

ತುದೀಗೆ ಹಸರು ಬೂಸಲು ಕಂಡೀತೇನು?
ಉಪ್ಪುಗಾಳಿ ಮಾಡಿದ್ದು. ರಾಯಬಂದರದ ಈ ದಂಡಿಗೆ
ತಾಮ್ರಕ್ಕೂ ಕಜ್ಜಿ ಬರತೈತಿ.
ಬಿಸಿನೀರಾಗ ಅಡಿಗಿಸೋಡಾ ಕಲಸಿ ಸುರುವು,
ನೊರಿ ಅಡಗಿದ ಮ್ಯಾಲ ಒರಸು, ವ್ಯಾಸಲಿನ್ ಸವರು.
ಬೀಡಿ ಕಿಸೇದಾಗ ಇರಲಿ.
ಹೊಟ್ಟಿ ತುಂಬಿದ ಬ್ಯಾಟರಿ ಬಿಡೋ ಉಸರಿಗೆ
ಒಂದು ಕಿಡಿ ಸಾಕು.

ಪಣಜಿ ಅಂಗಡ್ಯಾಂವ ಎರ್ಮೆಲಿಂಡಾ ಬಾಯಿಗೆ
ಲಿಥಿಯಂ ತಗೋರಿ ಅಂದಿದ್ನಂತ.
ಹಗುರ, ತಳದ ತನಕಾ ಬಳಕೋಬಹುದು, ಹತ್ತು ವರ್ಷ ಸೊಲ್ಲೆತ್ತಂಗಿಲ್ಲ.
ಸುಳ್ಳಲ್ಲ ಅದು. ಆದ್ರ ರೊಕ್ಕ ಮೂರುಪಟ್ಟು,
ಚಾರ್ಜರ್ ಬ್ಯಾರೆ ಬೇಕು, ಇಲ್ಲಂದ್ರ ಅದು ಜಗ್ಗೋ ಜಗ್ಗಿಗೆ
ಇಂಜಿನ್ನಿನ ಡೈನಮೋ ಕರಕಾಗತೈತಿ.
ಮತ್ತ ಯಾವ ಅಂಗಡ್ಯಾಗೂ ಹೇಳದ್ದು ಒಂದೈತಿ:
ನೂರಿಪ್ಪತ್ತು ಕೇಜಿ ಸೀಸ ಎತ್ತಿಬಿಟ್ರ
ಈ ದೋಣಿ ಬಾಲ ಎತ್ತಿ ನಿಂದರತೈತಿ,
ಜಾಗಾಕ್ಕ ಕೆಂಪುಕಲ್ಲು ಹೇರಬೇಕು.
ಬಾಯಿ ನಕ್ಕಳು. "ಸೀಸದ್ದೇ ಇರಲಿ, ರಾಜೇಸಾಬ.
ನೀರಡಿಕಿ ಆದದ್ದು ತೋರಿಸಿಕೊಳ್ಳೋದನ್ನ
ನಾ ಸಾಕಬಲ್ಲೆ."

ಎರಡೂ ಹೊಸಾವ ಯಾಕಂದ್ರ,
ಹಳೇದರ ಜೋಡಿ ಹೊಸಾದು ಕಟ್ಟಿದ್ರ
ಹಳೇದು ಹೊಸಾದನ್ನೂ ಎಳಕೊಂಡು ಮಲಗತೈತಿ.

ಬರಕೋ. ಫ್ಯಾನಿಗೆ ಹದಿನಾರು, ದೀಪಕ್ಕ ಆರು,
ಲಂಗರಿನ ದೀಪಕ್ಕ ಮೂರು, ತಳದ ನೀರೆತ್ತೋ ಪಂಪಿಗೆ ಮೂರು.
ಫ್ರಿಜ್ಜಿಗೆ ನಲವತ್ತು, ಅದು ಮನಿ ಅಳಿಯಾ.
ರೇಡಿಯೋಕ್ಕ ಹನ್ನೆರಡು.
ಎಂಬತ್ತಾತು ದಿನಕ್ಕ.
ಡಬ್ಬ್ಯಾಗ ಮುನ್ನೂರು ಅದಾವ ಖರೆ,
ಅರ್ಧಾ ನಮ್ಮವು, ಅರ್ಧಾ ಅದರವು.
ಅದರ ಪಾಲಿಗೆ ಕೈ ಹಾಕಿದಿ ಅಂದ್ರ
ಸೀಸದ ಮ್ಯಾಲ ಬಿಳೇ ಹರಳು ಕಟ್ಟತಾವ,
ಆಮ್ಯಾಲ ಎಷ್ಟು ಬಿಸಲು ಉಣಿಸಿದ್ರೂ ಮೈಗೆ ಹತ್ತಂಗಿಲ್ಲ.
ಶ್ರಾವಣದಾಗ ಈ ಮಾಂಡವಿ ಮ್ಯಾಲ
ಪ್ಯಾನಲ್ಲು ಮೂವತ್ತು ಕೊಟ್ರ ಪುಣ್ಯ.
ಉಳದ ಐವತ್ತು ಎಲ್ಲಿಂದ ತರತಿ?
ಮೂರೇ ದಿನ.

ರೇಡಿಯೋ ಬಂದ್ ಮಾಡ್ರಿ ಬಾಯಿ, ಅಂದೆ, ಹಗಲೂರಾತ್ರಿ ಯಾಕದು?
ಆಕಿ ಮಾತಾಡಲಿಲ್ಲ.
ಫ್ರಿಜ್ಜಿನ ಬಾಗಲಾ ತಗದು
ಬಂಗಡಿ ಮೀನಿನ ತಾಟು ಹೊರಗಿಟ್ಟು
ಅದರ ಸ್ವಿಚ್ಚು ಆರಿಸಿದಳು.
"ಉಪ್ಪು ಹಚ್ಚಿ ಒಣಗಿಸಿದ್ರಾತು."
ಮೂರು ಇದ್ದದ್ದು ಹದಿನೈದು ದಿನಾ ಆತು.

ಮೂವತ್ತೊಂದು ವರ್ಷ ಮುರಗಾವ ಬಂದರದಾಗ
ಹಡಗಿನವರ ಜೋಡಿ ಮಾತಾಡೋ ಕೋಣ್ಯಾಗ ಕುಂತಾಕಿ.
ಆಕಿ ಹೂಂ ಅಂದ್ರ ಹಡಗು ಒಳಗ,
ಇಲ್ಲಂದ್ರ ಹೊರಗ ತೂಗಾಡಬೇಕು.
ಈಗ ಬರೇ ಕೇಳತಾಳ:
ಬಾರ್ಜಿನವರು ಭರತಿ ವಿಚಾರಿಸೋದು, ಬೈದಾಡೋದು,
ಇಸ್ವಣದ ರೇಟು, ಯಾರಿಗೋ ಹುಟ್ಟಿದ ಕೂಸು.
ಕೇಳೋದಕ್ಕ ಅರ್ಧ ಆಂಪಿಯರ್, ಮೈಲಾರಿ.
ಮಾತಾಡಿದ್ರ ಐದು.

ಆಕಿ ಹಳೇ ಪುಸ್ತಕ ನೋಡು, ಹಾಲಿನ ಲೆಕ್ಕದಂಗ
ಮುಂಜಾನೆ ವೋಲ್ಟು, ಸಂಜಿ ವೋಲ್ಟು, ಒಂದಿನಾನೂ ತಪ್ಪಿಲ್ಲ.
ಆಗಸ್ಟ್ ಹದಿನೇಳು, ರಾತ್ರಿ ಎರಡೂ ಹತ್ತು:
ಐದು ಆಂಪಿಯರ್, ನಾಕು ನಿಮಿಷ.
ಬ್ಯಾರೆ ಒಂದಕ್ಷರಾ ಇಲ್ಲ.
ಮರುದಿನ ನಾ ಬಂದಾಗ ಚೋಡಣದ ಕಡಿ ದಿಬ್ಬಕ್ಕ
ಹತ್ತು ಮಾರು ಈಚೆ ಒಂದು ಬಾರ್ಜು
ಲಂಗರ ಬಿಟ್ಟು ನಿಂತಿತ್ತು, ಮುಖಾ ತಿರುಗಿಸಿಕೊಂಡು.
ನಾ ಕೇಳಲಿಲ್ಲ. ನಮ್ಮ ಕೆಲಸಾ ಡಬ್ಬೀದು.

ಅತ್ತಾಗ ಕ್ಯಾಸಿನೋ ಹಡಗು ನೋಡಬ್ಯಾಡ,
ಡೀಸೆಲ್ ಕುಡದು ಬೆಳತನಕಾ ಲಕಲಕ ಅಂತಾವ, ಅವುಕ್ಕ ದೃಷ್ಟಿ ಹತ್ತಂಗಿಲ್ಲ.
ಇತ್ತಾಗ ಗಾಜಿನ ನಳಿಗಿ ನೋಡು, ಕಣ್ಣಿಗೆ ಸಮ ಹಿಡಿ.
ಸಾವಿರದ ಇನ್ನೂರ ಅರವತ್ತು? ಗುಳ್ಳಿ ಒಡೀಲಿ, ಇನ್ನೊಮ್ಮೆ ನೋಡು.
ಅರವತ್ತೈದು. ಹಾಂ.
ಮುಚ್ಚಳಾ ತಿರುವು. ಪ್ಲಸ್ಸು ಮೊದಲು, ಫ್ಯೂಜು ಅದರ ಮಗ್ಗಲಕ್ಕ.
ಮೈನಸ್ಸು ಕೊನೀಗೆ.

ಲಗೂ ಮಾಡು.
ಆಕಿ ಒಂದು ತಾಸಿನಿಂದ ಏನೂ ಕೇಳಿಲ್ಲ.